ಮಗ್ಗ ನಿಂತ ಹೊತ್ತು

“ಸರ್, ನನ್ನ ಮಗ್ಗಲದಾಗ ಕುಂತ್ರ ಗಳಗಳ ಓದೋ ಹುಡುಗಿ, ನಾ ಎದ್ದು ಹ್ವಾದಕೂಡ್ಲೆ ಒಂದ್ ಸಾಲೂ ಓದಂಗಿಲ್ಲ. ತಪ್ಪು ಆಕೀದೋ, ನಾ ಕಲಿಸಿದ್ದರದೋ?”

ದಾನಮ್ಮ ಬಾಗಿಲಲ್ಲಿ ನಿಂತೇ ಕೇಳಿಬಿಟ್ಟಳು. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ತಾಳ್ಮೆಯೂ ಅವಳಿಗಿರಲಿಲ್ಲ. ವಿರೂಪಾಕ್ಷಯ್ಯ ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮೊದಲು ಕೂಡ್ರಿಸುವುದು, ಆಮೇಲೆ ಮಾತು. ಅದು ಅವರ ಪದ್ಧತಿ. ಬೆಂಚಿನ ಕಡೆ ಕೈ ತೋರಿಸಿದರು. ಅವಳು ಕೂತಳು.

ಓದು ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ವಿಭಾಗ ಅದು, ವಿಶ್ವವಿದ್ಯಾಲಯದ ಒಂದು ಮೂಲೆಯಲ್ಲಿತ್ತು. ಮಾಸ್ತರರು ಅಲ್ಲಿ ಜೀವ ಸವೆಸಿ ನಿವೃತ್ತರಾಗಿದ್ದರು. ಆದರೂ ಮನೆಯಲ್ಲಿ ಮನಸ್ಸು ನಿಲ್ಲದೆ ಮಧ್ಯಾಹ್ನದ ಹೊತ್ತು ಬಂದು ಹಳೆಯ ಕೋಣೆಯಲ್ಲಿ ಕೂಡುತ್ತಿದ್ದರು. ಉಳಿದವರೆಲ್ಲ ಹೊಸ ಕಟ್ಟಡಕ್ಕೆ ಹೋಗಿದ್ದರು. ಕೋಣೆಯಲ್ಲಿ ಅಕ್ಷರ ತಿದ್ದಿಸುವ ಮರಳಿನ ಹಲಗೆ, ಒಡೆದ ಪಾಟಿ, ಅಂಚು ಮಡಚಿದ ಅಕ್ಷರಪಟಗಳು ಉಳಿದಿದ್ದವು. ಅವುಗಳನ್ನು ಒಯ್ಯಲು ಯಾರೂ ಬಂದಿರಲಿಲ್ಲ, ಮಾಸ್ತರರನ್ನೂ.

ಆ ಮರಳು ಕಂಡರೆ ದಾನಮ್ಮನಿಗೆ ತನ್ನ ತರಬೇತಿಯ ವರ್ಷ ನೆನಪಾಗುತ್ತಿತ್ತು. ಎಂಥ ದಿನಗಳು ಅವು! ಪಾಠ ಮಾಡಿ ತೋರಿಸುವ ದಿನ ಬಂತೆಂದರೆ ಗೆಳತಿಯರು ಒಬ್ಬರ ಸೀರೆ ಒಬ್ಬರು ಉಟ್ಟು, ಅಳುಕುತ್ತಲೇ ತರಗತಿಗೆ ಹೋಗುತ್ತಿದ್ದರು. ಮಾಸ್ತರರು ಕೊನೆಯ ಬೆಂಚಿನಲ್ಲಿ ಅರೆಗಣ್ಣು ಮುಚ್ಚಿ ಕೂತಿರುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆಂದು ಹುಡುಗಿಯರ ನಂಬಿಕೆ. ಪಾಠ ಮುಗಿದ ಮೇಲೆ ಬೇರೆ ಪ್ರಾಧ್ಯಾಪಕರು ಉದ್ದೇಶ ಕೇಳುತ್ತಿದ್ದರು, ಕರಿಹಲಗೆಯ ಬರಹ ನೋಡುತ್ತಿದ್ದರು, ದನಿ ಸಾಲದು ಎನ್ನುತ್ತಿದ್ದರು. ಮಾಸ್ತರರದು ಒಂದೇ ಪ್ರಶ್ನೆ: “ಮಗು ಏನು ನೋಡಾಕತ್ತಿತ್ತು?” ಇದೆಂಥ ಪ್ರಶ್ನೆ ಎಂದು ಎಲ್ಲರೂ ಕ್ಯಾಂಟೀನಿನಲ್ಲಿ ಕೂತು ನಗುತ್ತಿದ್ದರು. ಮಾಸ್ತರರ ಎರಡು ಮಾತಿನ ನಡುವೆ ಒಂದು ಚಹಾ ಕುಡಿದು ಬರಬಹುದೆಂದೂ ನಗುತ್ತಿದ್ದರು. ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುವುದು ಅವರ ರೂಢಿ. ಆಗೆಲ್ಲ ಮಾತು ಎತ್ತಿಕೊಡುತ್ತಿದ್ದವಳು ದಾನಮ್ಮ. ಚುರುಕು ಹುಡುಗಿ ಎಂದು ಅವಳಿಗೆ ಹೆಸರಿತ್ತು.

ಈಗ ಅವಳು ಸಂಶೋಧನೆ ಮಾಡುತ್ತಿದ್ದಳು. ವಿಭಾಗಕ್ಕೆ ಸೇರಿದ ಶಾಲೆಯಲ್ಲಿ, ಓದು ಹತ್ತದ ಮಕ್ಕಳಿಗೆ ಓದಿಸುವುದು ಅವಳ ಕೆಲಸ. ಅವರಲ್ಲೊಬ್ಬಳು ಕಸ್ತೂರಿ. ಮೂರನೆಯ ತರಗತಿ. ಅಪ್ಪ ಕಟ್ಟಡದ ಕೆಲಸಕ್ಕೆ ಊರು ಬಿಟ್ಟು ಬಂದವನು. ಮರುದಿನ ಕಸ್ತೂರಿ ಶಾಲೆಯ ಹಿರಿಯರ ಮುಂದೆ ಒಬ್ಬಳೇ ಕೂತು ಓದಬೇಕಿತ್ತು. ಓದದಿದ್ದರೆ, ಈಕೆಗೆ ಓದು ಬರುವುದಿಲ್ಲ ಎಂದು ದಾನಮ್ಮನೇ ಬಾಯಿಬಿಟ್ಟು ಹೇಳಬೇಕಿತ್ತು. ಅಪ್ಪ ಆ ಮಾತಿಗೇ ಕಾದಿದ್ದ. “ಓದು ತಲೀಗೆ ಹತ್ತಲಿಲ್ಲ ಅಂದ್ರ ಹೇಳ್ಬಿಡ್ರಿ ಅಕ್ಕೋರ, ಸಾಲಿ ಬಿಡಿಸಿ ಊರಿಗೆ ಕಳಸ್ತೀನಿ. ತಮ್ಮನ್ನ ಆಡ್ಸಕೋತ ಇರ್ತಾಳ,” ಎಂದಿದ್ದ.

ಅವಳು ಮೊಬೈಲ್ ತೆಗೆದು, ತಾನು ಓದಿಸಿದ್ದನ್ನು ಮಾಸ್ತರರಿಗೆ ಕೇಳಿಸಿದಳು. ಕಸ್ತೂರಿಯ ದನಿ “ಅಜ್ಜಿ ಕೆರೆಯ” ಎಂದು ನಿಂತಿತು. ದಾನಮ್ಮನ ದನಿ “ದಂ” ಎಂದಿತು. ಹುಡುಗಿ “ದಂಡೆಯಲ್ಲಿ” ಎಂದಳು. ಮತ್ತೆ ನಿಂತಳು. “ಬಟ್” ಎಂದಳು ದಾನಮ್ಮ. “ಬಟ್ಟೆ ಒಗೆದಳು” ಎಂದಳು ಹುಡುಗಿ.

“ಕೇಳಿದ್ರಿಲ್ಲೋ ಸರ್, ಹೆಂಗ ಓದ್ತಾಳ! ಮೊನ್ನೆ ಬ್ಯಾರೆ ಟೀಚರ್ ಮುಂದ ಕುಂತಾಗ ಮಾತ್ರ ಬಾಯಿಗೆ ಬೀಗ.”

ಮಾಸ್ತರರು ಮೊಬೈಲನ್ನು ಅವಳ ಕಡೆ ಸರಿಸಿದರು. ಆಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ನೇಕಾರರ ಓಣಿ. ಮಾಸ್ತರರು ಹುಟ್ಟಿ ಬೆಳೆದದ್ದು ಅಂಥ ಓಣಿಯಲ್ಲೇ. ಆಗ ಬೆಳಗಾಗುವುದೇ ಮಗ್ಗದ ಸದ್ದಿನಿಂದ. ತಾಯಿ ರೊಟ್ಟಿ ಬಡಿಯುವ ಸದ್ದು ಅದರಲ್ಲಿ ಕೂಡಿ ಹೋಗುತ್ತಿತ್ತು. ಈಗ ಆ ಓಣಿಗೆ ಹೋದರೆ ಸ್ಕೂಟರಿನ ಸದ್ದು, ಕೈಮಗ್ಗ ಒಂದೂ ಇಲ್ಲ. ಅದನ್ನು ಹೇಳುವಾಗ ಮಾಸ್ತರರ ದನಿ ಸ್ವಲ್ಪ ಇಳಿಯಿತು. ಇರಲಿ. ಕತೆಯ ಓಣಿಯಲ್ಲಿ ಒಂದು ಪದ್ಧತಿಯಿತ್ತು: ಯಾರ ಮನೆಯ ಸುಖದುಃಖವನ್ನೂ ಯಾರೂ ಹೋಗಿ ಕೇಳಬೇಕಾಗಿರಲಿಲ್ಲ. ಮಗ್ಗ ಸದ್ದು ಮಾಡುತ್ತಿದ್ದರೆ ಮನೆ ಚೆನ್ನಾಗಿದೆ. ಹಬ್ಬವಲ್ಲದ ದಿನ ಮಗ್ಗ ನಿಂತರೆ ಏನೋ ಕೆಟ್ಟದ್ದಾಗಿದೆ. ಒಡನೆ ಗೋಡೆಯ ಆಚೆಯಿಂದ ಕೂಗು ಬರುತ್ತಿತ್ತು, ಏನಾತು ಎಂದು.

ಅಲ್ಲಿ ಒಬ್ಬ ನೇಕಾರನಿದ್ದ. ಅವನ ಕೈ ಬಲು ಚುರುಕು. ಅವನಿಗೆ ಒಬ್ಬಳೇ ಮಗಳು. ಅವಳಿಗೆ ನೇಯ್ಗೆ ಕಲಿಸಬೇಕೆಂದು ಅವನು ಅವಳನ್ನು ಮಗ್ಗಕ್ಕೆ ಕೂಡ್ರಿಸಿದ. ಅವಳು ಬೇಗ ಕಲಿತಳು. ಕಾಲು ತುಳಿಯುವುದು ಕಲಿತಳು, ಎಡದಿಂದ ಬಲಕ್ಕೆ...

ಮಾಸ್ತರರು ನಿಂತರು. ಕೈ ಗಾಳಿಯಲ್ಲಿ ಅತ್ತಿಂದಿತ್ತ ಆಡಿತು.

“ಲಾಳಿ ಎಸೆಯೂದು,” ಎಂದಳು ದಾನಮ್ಮ.

“ಹೂಂ. ಲಾಳಿ.”

ಆದರೆ ನೇಯುವಾಗ ಎಳೆ ಹರಿಯುತ್ತದೆ. ಎಳೆ ಹರಿಯದ ಮಗ್ಗವೇ ಇಲ್ಲ. ಒಂದೇ ಬಣ್ಣದ ಅಷ್ಟೊಂದು ಎಳೆಗಳ ನಡುವೆ ಹರಿದದ್ದು ಯಾವುದು, ಅದರ ತುದಿಗಳು ಎಲ್ಲಿ ಹೋದವು ಎಂದು ಹುಡುಕಬೇಕು. ಹುಡುಕುವಷ್ಟು ಹೊತ್ತು ಮಗ್ಗ ಸುಮ್ಮನಿರುತ್ತದೆ. ಆ ಮೌನ ನೇಕಾರನಿಂದ ಸಹಿಸಲಾಗುತ್ತಿರಲಿಲ್ಲ. ಇನ್ನೇನು ಗೋಡೆಯ ಆಚೆಯಿಂದ ಕೂಗು ಬರುತ್ತದೆ, ಮಾನ ಹೋಗುತ್ತದೆ ಎಂದು ಅವನ ಜೀವ ಹಾರುತ್ತಿತ್ತು. ಮಗಳ ಮೇಲೆ ಪ್ರೀತಿಯೂ ಇತ್ತು, ಆಕೆ ತಡಕಾಡುವುದನ್ನು ಅವನು ನೋಡಲಾರ. ಎಳೆ ಹರಿದದ್ದೇ ತಡ, ಅವಳ ಹೆಗಲ ಮೇಲಿನಿಂದ ಕೈ ಚಾಚಿ, ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿಬಿಡುತ್ತಿದ್ದ. ಮಗ್ಗ ಮತ್ತೆ ಸದ್ದು ಮಾಡುತ್ತಿತ್ತು. ಓಣಿಯವರು, ಅಬ್ಬಾ, ಮಗಳು ಎಷ್ಟು ಬೇಗ ಕಲಿತಳು ಎಂದು ಹೊಗಳುತ್ತಿದ್ದರು. ಅಪ್ಪನೂ ಹಾಗೆಯೇ ನಂಬಿದ.

ಕಾಲ ಕಳೆಯಿತು. ನೇಕಾರನ ಕಣ್ಣಿಗೆ ಪೊರೆ ಬಂತು, ಎಳೆಯಂಥ ಸಣ್ಣದೇನೂ ಕಾಣದಾಯಿತು. ಮನೆ ನಡೆಯುವುದು ಇನ್ನು ಮಗಳ ಕೈಯಲ್ಲಿ. ಒಬ್ಬ ವ್ಯಾಪಾರಿ ಬಂದು, ತನ್ನ ಮಗಳ ಮದುವೆಗೆ ಸೀರೆ ನೇಯಿರಿ, ಚೆನ್ನಾಗಿ ಬಂದರೆ ಮುಂದೆಯೂ ಕೆಲಸ ಇಲ್ಲಿಗೇ ಎಂದು ಹೇಳಿ ಹೋದ. ಮಗಳು ಮಗ್ಗಕ್ಕೆ ಕೂತಳು. ಸೀರೆ ಅರ್ಧವಾದಾಗ ಎಳೆ ಹರಿಯಿತು. ಅವಳು ಲಾಳಿ ಹಿಡಿದು ಸುಮ್ಮನೆ ಕೂತಳು. ಅಪ್ಪ ರೂಢಿಯಂತೆ ಕೈ ಚಾಚಿದ. ಬೆರಳು ತಡವರಿಸಿದವು. ತುದಿ ಸಿಗಲಿಲ್ಲ.

“ನನ್ನ ಕೈ ಯಾಕ ನೋಡ್ತಿ? ಎಳೀ ನೋಡು,” ಎಂದ ಅಪ್ಪ.

“ಎಳೀ ಯಾವತ್ತು ನೋಡೀನಪ್ಪಾ ನಾನು? ನಿನ್ನ ಕೈನ ನೋಡ್ಕೋತ ಬಂದೀನಿ,” ಎಂದಳು ಮಗಳು.

ದಾನಮ್ಮನಿಗೆ ಕಸ್ತೂರಿಯ ಕಣ್ಣುಗಳು ನೆನಪಾದವು. ತಡವರಿಸಿದಾಗಲೆಲ್ಲ ಆ ಕಣ್ಣುಗಳು ಪುಸ್ತಕದಿಂದ ಮೇಲೆದ್ದು ತನ್ನ ತುಟಿಯ ಮೇಲೆ ನಿಲ್ಲುತ್ತಿದ್ದವು. ತಾನು “ದಂ” ಎನ್ನಲು ತುಟಿ ತೆರೆಯುವುದನ್ನೇ ಅವು ಕಾಯುತ್ತಿದ್ದವು. ಮಗು ಎಷ್ಟು ಪ್ರೀತಿಯಿಂದ ನೋಡುತ್ತದೆ ಎಂದು ಅವಳು ಹಿಗ್ಗಿದ್ದಳು. ಕೊನೆಯ ಬೆಂಚಿನ ಆ ಹಳೆಯ ಪ್ರಶ್ನೆ ಈಗ ಅರ್ಥವಾಯಿತು. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಮಾಸ್ತರರು ಕತೆ ಮುಂದುವರಿಸಿದರು.

“ಆ ಮಾತು ಕೇಳಿ ನೇಕಾರಗ...” ಎಂದು ನಿಂತರು.

“ಸಿಟ್ಟು ಬಂತು,” ಎಂದಳು ದಾನಮ್ಮ.

ಮಾಸ್ತರರು ಅವಳ ಮುಖ ನೋಡಿದರು. “ಆತು, ಸಿಟ್ಟು ಅಂತನ ಇಟ್ಕೊಳ್ಳೂಣು,” ಎಂದರು.

ನೇಕಾರ ಹಿಂದೆ ಸರಿದ. ಹೊಸ್ತಿಲ ಹತ್ತಿರ ಹೋಗಿ ಕೂತು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡ. ಬಿಟ್ಟರೆ ಅವು ಸುಮ್ಮನಿರುವ ಕೈಗಳಲ್ಲ. ಮಗಳು ಎಳೆಗಳ ಮೇಲೆ ಬಾಗಿದಳು. ಒಂದು ಎಳೆ ಎತ್ತಿದಳು, ಅದಲ್ಲ. ಇನ್ನೊಂದು ಎತ್ತಿದಳು, ಅದೂ ಅಲ್ಲ. ಅಪ್ಪಾ, ಇದೊಂದು ಸಲ ಹೇಳು ಎಂದು ಅತ್ತಳು. ಅಪ್ಪ ತುಟಿ ಕಚ್ಚಿ ಕೂತ. ಮಗ್ಗ ನಿಂತೇ ಇತ್ತು. ಅವನು ಹೆದರುತ್ತಿದ್ದ ಕೂಗು ಕೊನೆಗೂ ಗೋಡೆಯ ಆಚೆಯಿಂದ ಬಂದೇ ಬಂತು.

“ಏನಾತೋ? ಮಗ್ಗ ನಿಂತೈತಲ್ಲ?”

“ನಿಂತಿಲ್ಲ,” ಎಂದ ನೇಕಾರ. “ನನ್ನ ಮಗಳು ಹುಡುಕಾಕತ್ತಾಳ.”

ಹೊತ್ತು ಇಳಿಯಿತು. ಒಲೆ ಹೊತ್ತಿರಲಿಲ್ಲ. ಆಗ ಲಾಳಿ ಒಮ್ಮೆ ಸದ್ದು ಮಾಡಿತು. ಆಮೇಲೆ ಮತ್ತೊಮ್ಮೆ. ಮಗಳು ಹಾಕಿದ ಗಂಟು ದಪ್ಪಗಿತ್ತು. ಯಾರು ನೋಡಿದರೂ ಕಾಣುವಂತಿತ್ತು. ನೇಕಾರನಿಗೆ ಕಾಣಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿದ. ಮುಟ್ಟಿದ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಸೀರೆ ಮುಗಿಯಿತು. ವ್ಯಾಪಾರಿಯ ಮಗಳು ಅದನ್ನು ಉಟ್ಟು ಮದುವೆಯಾದಳು.

ಕತೆ ಅಲ್ಲಿಗೆ ಮುಗಿಯಿತು. ಮಾಸ್ತರರು ಮರಳಿನ ಹಲಗೆಯ ಮೇಲೆ ಅಂಗೈ ಆಡಿಸಿ ಮರಳು ಸಮ ಮಾಡಿದರು. ಹಿಂದೆ ತರಗತಿ ಬಿಡುವ ಹೊತ್ತಿಗೆ ಹೀಗೆಯೇ ಮಾಡುತ್ತಿದ್ದರು. ದಾನಮ್ಮನ ಕಣ್ಣು ತುಂಬಿ ಬಂತು. ಈ ಕೋಣೆ, ಈ ಮರಳು, ಆ ಗೆಳತಿಯರು, ಎಲ್ಲ ಒಮ್ಮೆಲೇ ಬೇಕೆನಿಸಿತು. ಆದರೆ ನಾಳೆಯ ಚಿಂತೆ ದೊಡ್ಡದಿತ್ತು. ಅವಳು ಕಣ್ಣೊರೆಸಿಕೊಂಡು ಎದ್ದಳು.

“ತಿಳೀತ್ರಿ ಸರ್. ತಪ್ಪು ಹುಡುಗೀದಲ್ಲ. ಓದು ಬರಂಗಿಲ್ಲ ಅಂತ ನಾ ಹೇಳಂಗಿಲ್ಲ. ಇನ್ನೊಂದಿಷ್ಟು ದಿನ ಕೊಡ್ರಿ ಅಂತ ಎಲ್ಲಾರ ಕೈಕಾಲು ಹಿಡೀತೀನಿ, ಅವ್ರ ಅಪ್ಪಂದೂ ಹಿಡೀತೀನಿ. ಇನ್ನ ಮ್ಯಾಲೆ ಆಕಿ ನಿಂತಲ್ಲೆ ನಾ ಸುಮ್ನ ಕೂಡ್ತೀನಿ.”

“ಆದೀತೇನವಾ ನಿನ್ನ ಕಡಿಂದ?”

“ಆಗ್ದ ಏನ್ರಿ? ಸುಮ್ನ ಕೂಡೂದು ತಾನೆ. ಅದೇನು ದೊಡ್ಡ ಮಾತು?”

ಮಾಸ್ತರರು ನಕ್ಕರು. ಹಳೆಯ ಶಿಷ್ಯೆಯನ್ನು ಕಂಡಾಗ ಮಾತ್ರ ಬರುವ ನಗು ಅದು.

“ನಾ ನಿಂತಲ್ಲೆಲ್ಲಾ ನೀನ ಮಾತು ಎತ್ತಿಕೊಟ್ಟಿ. ಆ ನೇಕಾರಗ ಬಂದದ್ದು ಸಿಟ್ಟಲ್ಲ. ಒಂಚೂರು ಕಾದಿದ್ರ ಏನು ಬಂತು ಅಂತ ನಾ ಹೇಳ್ತಿದ್ದೆ.”

ದಾನಮ್ಮ ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು.