ಕೈಕೇಳಿ ದಿಣ್ಣೆಯ ಅರ್ಧ ಕಂಬ

ಹೊಂಗಣಿಪೇಟೆಯ ಪೂರ್ವಕ್ಕೆ, ಮುಚ್ಚಿಹೋದ ಚಿನ್ನದ ಗಣಿಯ ಬಿಳಿ ಮಣ್ಣಿನ ರಾಶಿಗಳ ನಡುವೆ, ಒಂದು ಕಲ್ಲುದಿಣ್ಣೆ ಇದೆ. ಈ ಊರಿನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಎದ್ದಿತೆಂದರೆ ರಾಶಿಯ ಪುಡಿ ಬೀದಿಗಿಳಿದು, ಕಿಟಕಿಯ ಸಂದಿಯಿಂದ ನುಸುಳಿ, ಬಡಿಸಿದ ಅನ್ನದ ಮೇಲೂ ಕೂರುತ್ತದೆ. ಕೆಳಗಿನ ಖಾಲಿ ಸುರಂಗಗಳಲ್ಲಿ ಎಲ್ಲಿಯೋ ಬಂಡೆ ಕುಸಿದಾಗ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತವೆ. ದಿಣ್ಣೆಯ ನೆತ್ತಿಯಲ್ಲಿ ನೆಟ್ಟ ಹೊನ್ನೆಮರದ ಕಂಬವೊಂದು ಮಾತ್ರ ಅಲುಗದೆ ನಿಂತಿದೆ. ಎದೆಯೆತ್ತರದ ಆ ಕಂಬದ ಮೇಲ್ತುದಿ ಗರಗಸದಿಂದ ನೇರವಾಗಿ ಕೊಯ್ದದ್ದು. ಅದರ ಒಂದು ಬದಿಯಲ್ಲಿ ಅಂಗೈಯಗಲದ ಜಾಗ ಸವೆದು ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಅಲ್ಲಿ ಗುಡಿಯಿಲ್ಲ, ಶಿಲುಬೆಯಿಲ್ಲ, ಶಾಸನವೂ ಇಲ್ಲ. ಆದರೂ ದಿಣ್ಣೆ ಹತ್ತಿದವರೆಲ್ಲ ಆ ಸವೆದ ಜಾಗದ ಮೇಲೆ ಕೈಯಿಟ್ಟೇ ಇಳಿಯುತ್ತಾರೆ. ಅವರಲ್ಲಿ ಬೆನ್ನಿಗೆ ಗಿಟಾರು ಹೊತ್ತವರೇ ಹೆಚ್ಚು. ಹೊರದೇಶಗಳ ಹೆಸರಾಂತ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಕೆಲವಕ್ಕೆ ಬಾನಿನ ಎತ್ತರದ ವಾಯುಪದರದಿಂದ, ಕೆಲವಕ್ಕೆ ಅವನ್ನು ನುಡಿಸಿದವರಿಂದ ಹೆಸರು ಬಂದಿದೆ. ದಿಣ್ಣೆಯ ಬುಡದ ಕಾರ್ಖಾನೆಯಲ್ಲಿ ತಯಾರಾಗುವ ಗಿಟಾರಿನ ಹೆಸರು ‘ಕೈಕೇಳಿ’. ದಿಣ್ಣೆಗೂ ಅದೇ ಹೆಸರು. ಮೊದಲು ಹೆಸರು ಪಡೆದದ್ದು ಯಾವುದು ಎಂದು ಕೇಳಿದರೆ ಊರಿನ ಹಿರಿಯರು, ಎರಡೂ ಒಂದೇ ಮರವಲ್ಲವೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಗಣಿಯ ಸೈರನ್ನಿಗೆ ಊರು ಏಳುತ್ತ ಮಲಗುತ್ತ ಇದ್ದ ಕಾಲದಲ್ಲಿ, ಸುರಂಗದ ಮೇಲ್ಛಾವಣಿ ಕುಸಿಯದಂತೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸುತ್ತಿದ್ದರು. ಈ ಊರೆಗಂಬಗಳನ್ನು ದಾಟಿ ಒಳಹೋಗುವ ಪ್ರತಿಯೊಬ್ಬನೂ ಅವುಗಳ ಮೇಲೆ ಒಮ್ಮೆ ಅಂಗೈಯಿಡಬೇಕು. ಮೇಲಿನ ಬಂಡೆ ಜರುಗುವ ಮುನ್ನ ಮರ ನಡುಗುತ್ತದೆ, ಆ ನಡುಕ ಕಿವಿಗಿಂತ ಮೊದಲು ಕೈಗೆ ತಿಳಿಯುತ್ತದೆ ಎಂಬುದು ಗಣಿಗಾರರ ನಂಬಿಕೆ. ಇದಕ್ಕೆ ಸೇರಿದ ಇನ್ನೊಂದು ಪದ್ಧತಿಯೂ ಇತ್ತು. ಸುರಂಗದಲ್ಲಿ ಸಿಕ್ಕಿಕೊಂಡವನ ದೇಹ ದೊರೆಯದೆ ಹೋದರೆ, ಅವನು ಕೊನೆಯದಾಗಿ ನಿಲ್ಲಿಸಿದ ಕಂಬವನ್ನು ಮೇಲೆ ತಂದು ಮನೆಯ ಹೊಸ್ತಿಲಲ್ಲಿಡುತ್ತಿದ್ದರು. ಮನೆಯವರು ಅದಕ್ಕೆ ಬಿಳಿ ಬಟ್ಟೆ ಹೊದಿಸಬೇಕು. ಹೊದಿಸಿದ ಮೇಲೆ ಅದು ಮರವಲ್ಲ, ಮನುಷ್ಯ. ಅದನ್ನು ದಿಣ್ಣೆಯಲ್ಲಿ ಹೂಳುತ್ತಿದ್ದರು. ಬಟ್ಟೆ ಬೀಳದ ಕಂಬ ಬಡಗಿಯ ಅಂಗಳಕ್ಕೆ ಮರಳುತ್ತಿತ್ತು.

ಮುತ್ತಯ್ಯನೆಂಬ ಕೆಲಸಗಾರ ಬಂಡೆ ಸಿಡಿದು ಒಳಗೇ ಉಳಿದಾಗ ಅವನ ಕಂಬವನ್ನೂ ಹೀಗೆಯೇ ತಂದಿಟ್ಟರಂತೆ. ಅವನ ಹೆಂಡತಿ ಜ್ಞಾನಮ್ಮ ಬಟ್ಟೆ ಹೊದಿಸಲಿಲ್ಲ. ಹೊದಿಸಿದರೆ ತಾಳಿ ತೆಗೆಯಬೇಕು, ಗಂಡ ಇಲ್ಲವೆಂದು ತನ್ನ ಬಾಯಿಂದಲೇ ಒಪ್ಪಬೇಕು. ಕಂಡಿಲ್ಲದ ಸಾವನ್ನು ತಾನು ಒಪ್ಪುವವಳಲ್ಲವೆಂದು ಬಾಗಿಲು ಹಾಕಿಕೊಂಡಳು. ಅವಳ ಅಣ್ಣ ಅರುಳಪ್ಪ ಗಣಿಯ ಬಡಗಿ ಮೇಸ್ತ್ರಿ. ತಂಗಿಯನ್ನು ತನ್ನ ಮನೆಗೆ ಕರೆತಂದ. ಅಲ್ಲಿಯೂ ಅವಳು ಊಟದ ಹೊತ್ತಿಗೆ ಮುತ್ತಯ್ಯನಿಗೊಂದು ತಟ್ಟೆ ಇಡುವುದನ್ನು ಬಿಡಲಿಲ್ಲ. ಸೈರನ್ ಕೂಗಿದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು. ಖಾಲಿ ತಟ್ಟೆಯ ಎದುರು ಕುಳಿತು ಉಣ್ಣುವುದು ಅರುಳಪ್ಪನಿಗೆ ದಿನದಿನಕ್ಕೂ ಕಷ್ಟವಾಯಿತು. ಆದರೂ ತಟ್ಟೆ ತೆಗೆ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಆ ದಿನಗಳಲ್ಲಿ ಡೆನ್ಜಿಲ್ ಎಂಬ ಆಂಗ್ಲೋ ಇಂಡಿಯನ್ ತರುಣ ಅರುಳಪ್ಪನ ಬಳಿ ಬಂದ. ಹಗಲು ಗಣಿಗೆ ಜನರನ್ನು ಇಳಿಸುವ ಯಂತ್ರ ನಡೆಸುವುದು, ಸಂಜೆ ಕ್ಲಬ್ಬಿನಲ್ಲಿ ವಾದ್ಯ ನುಡಿಸುವುದು ಅವನ ಕಾಯಕ. ಹಳೆಯ ಟೆಲಿಫೋನುಗಳಿಂದ ತಾಮ್ರದ ತಂತಿ ಬಿಚ್ಚಿ ಗಿಟಾರಿನ ಕಂಪನ ಹಿಡಿಯುವ ಸುರುಳಿ ಸುತ್ತಿದ್ದ, ರೇಡಿಯೊ ಬಿಚ್ಚಿ ಧ್ವನಿವರ್ಧಕ ಕಟ್ಟಿದ್ದ. ಎಲೆಕ್ಟ್ರಿಕ್ ಗಿಟಾರಿಗೆ ಬೇಕಾದ ಗಟ್ಟಿ ಮರವೊಂದೇ ಬಾಕಿ. ಅರುಳಪ್ಪ ಅಂಗಳದಲ್ಲಿದ್ದ ಕಂಬಗಳನ್ನೆಲ್ಲ ತಟ್ಟಿ ನೋಡಿ, ಎಲ್ಲಕ್ಕಿಂತ ಚೆನ್ನಾಗಿ ಮಾರ್ದನಿ ಕೊಟ್ಟ ಹೊನ್ನೆಯ ಕಂಬವನ್ನು ಆರಿಸಿದ. ಅದು ಮುತ್ತಯ್ಯನದೆಂದು ಅವನಿಗೆ ಗೊತ್ತಿತ್ತು. ಬಟ್ಟೆ ಬಿದ್ದಿಲ್ಲ, ತಂಗಿಯೇ ಕೈಬಿಟ್ಟಿದ್ದಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮೇಲಿನರ್ಧವನ್ನು ಕೊಯ್ದ. ಗಣಿಗಾರರಲ್ಲಿ ಹಿರಿಯನಾದ ಪೊನ್ನುಸ್ವಾಮಿ ಅದನ್ನು ಕಂಡು, “ಹೊಟ್ಟೆಯೇ ಇಲ್ಲದ ವಾದ್ಯ ಹಾಡೋದು ಹೇಗಪ್ಪಾ ಮೇಸ್ತ್ರಿ?” ಎಂದು ಕೆಣಕಿದನಂತೆ. ಹೊಟ್ಟೆ ಇದ್ದೂ ಹಾಡದವರು ಊರಿನಲ್ಲಿ ಬಹಳ ಮಂದಿ ಇದ್ದಾರೆ ಎಂದು ಅರುಳಪ್ಪ ಅವನ ಹೊಟ್ಟೆಯ ಕಡೆಗೇ ನೋಡಿದನಂತೆ. ಕರೆಂಟು ಹೊಡೆಯದಂತೆ ಗಣಿಯಲ್ಲಿ ಲೋಹವೆಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಬಿಗಿಯುವ ನಿಯಮ. ಅದೇ ಅಭ್ಯಾಸದಿಂದ ಡೆನ್ಜಿಲ್ ಗಿಟಾರಿನ ತಂತಿಗಳನ್ನೂ ಒಳಗಿನ ಲೋಹಕ್ಕೆ ಬಿಗಿದ.

ಭಾನುವಾರದ ಚರ್ಚಿನ ಪೂಜೆ ಮುಗಿದ ಮಧ್ಯಾಹ್ನ, ಕ್ಲಬ್ಬಿನಲ್ಲಿ ಮೊದಲ ಬಾರಿಗೆ ಅದನ್ನು ನುಡಿಸಿದಾಗ ಹಾಡೇನೋ ಚೆನ್ನಾಗಿಯೇ ಬಂತು. ಹಾಡು ಮುಗಿಸಿ ಡೆನ್ಜಿಲ್ ಗಿಟಾರನ್ನು ಕುರ್ಚಿಗೆ ಒರಗಿಸಿದ ಕೂಡಲೆ, ಯಾರೂ ಮುಟ್ಟದ ಆ ಮರ ಗುಂಯ್ ಎಂದು ಮೊರೆಯತೊಡಗಿತು. ಅದು ನೆಲದಡಿಯಿಂದ ಬಂದಂಥ, ಏರದ ಇಳಿಯದ ಒಂದೇ ಸಮದ ಮೊರೆತ. ಮರ ಯಾರದೆಂದು ಬಲ್ಲ ಪೊನ್ನುಸ್ವಾಮಿಯ ಮುಖ ಬಿಳಿಚಿತು. ಮುತ್ತಯ್ಯ ಕರೆಯುತ್ತಿದ್ದಾನೆ, ಹೂಳದೆ ಬಿಟ್ಟದ್ದಕ್ಕೆ ಅವನಿಗೆ ನೆಲೆಯಿಲ್ಲ ಎಂಬ ಮಾತು ಸಂಜೆಯೊಳಗೆ ಮನೆಮನೆ ಸುತ್ತಿತು. ನಾಳೆ ಸುರಂಗಕ್ಕೆ ಇಳಿಯಬೇಕಾದವರು ಅವರು. ಭಯಪಡಬೇಡಿ ಎಂದು ಯಾರು ಹೇಳಬಲ್ಲರು? ಅವರು ಬಿಳಿ ಬಟ್ಟೆ ತಂದರು. ಗಿಟಾರಿಗೆ ಹೊದಿಸಿ ಈಗಲೇ ಹೂಳಬೇಕು, ಜ್ಞಾನಮ್ಮ ಬಂದು ತಾಳಿ ತೆಗೆಯಬೇಕು ಎಂದು ಕ್ಲಬ್ಬಿನ ಅಂಗಳದಲ್ಲಿ ನಿಂತರು. ಧ್ವನಿವರ್ಧಕಕ್ಕೆ ಜೋಡಿಸಿದಂತೆಯೇ ಇದ್ದ ಗಿಟಾರನ್ನು ಡೆನ್ಜಿಲ್ ಎದೆಗವಚಿಕೊಂಡ. ಹಿಡಿದಷ್ಟು ಹೊತ್ತು ಅದು ಸುಮ್ಮನಿತ್ತು. ಆದರೆ ಆ ಗದ್ದಲದಲ್ಲಿ ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಜ್ಞಾನಮ್ಮನಿಗೆ ಸುದ್ದಿ ಮುಟ್ಟಿಸಿದ್ದು ಅಣ್ಣನಲ್ಲ, ನೆರೆಯವರು. ಅವಳು ಬಂದಾಗ ಜನ ದಾರಿ ಬಿಟ್ಟರು.

“ಅಣ್ಣಾ, ಇದು ಅವರು ನಿಲ್ಲಿಸಿದ ಕಂಬವಾ?”

“ನೀನೇ ಬೇಡ ಅಂದೆಯಲ್ಲಮ್ಮಾ,” ಎಂದ ಅರುಳಪ್ಪ. “ಬಟ್ಟೆ ಬೀಳದ ಮರ ಅಂತ ಕೊಯ್ದೆ.”

“ಬಟ್ಟೆ ಬೇಡ ಅಂದೆ. ಮರ ಬೇಡ ಅನ್ನಲಿಲ್ಲ.”

ಅವಳು ಗಿಟಾರನ್ನು ಕುರ್ಚಿಗೆ ಒರಗಿಸಲು ಡೆನ್ಜಿಲ್ಲನಿಗೆ ಹೇಳಿದಳು. ಅದು ಮೊರೆಯಿತು. ಹಿಂದಿದ್ದವರು ಇನ್ನೂ ಹಿಂದೆ ಸರಿದರು. ಸುರಂಗದ ಬಾಯಲ್ಲಿ ಗಂಡಸರು ಇಡುವಂತೆಯೇ ಅವಳು ಅಂಗೈಯನ್ನು ತಂತಿಗಳ ಮೇಲೆ ಚಾಚಿ ಇಟ್ಟಳು, ಮೊರೆತ ನಿಂತಿತು. ತೆಗೆದಳು, ಮತ್ತೆ ಮೊರೆಯಿತು. ಇಟ್ಟಳು, ತೆಗೆದಳು. ಬಹಳ ಹೊತ್ತು ಅವಳು ಹಾಗೆಯೇ ಮಾಡುತ್ತಿದ್ದಳೆಂದೂ, ಆಗ ಅವಳ ಕಣ್ಣಿನಿಂದ ನೀರಿಳಿಯುತ್ತಿತ್ತೆಂದೂ ಹೇಳುತ್ತಾರೆ. ಗಂಡ ಕಾಣೆಯಾದ ಮೇಲೆ ಅವಳು ಅತ್ತದ್ದು ಅದೇ ಮೊದಲು.

“ಇದು ಅವರ ದನಿಯಲ್ಲ ಮಾವ,” ಎಂದಳು ಪೊನ್ನುಸ್ವಾಮಿಗೆ. “ಅವರು ಇಷ್ಟು ಮೆತ್ತಗೆ ನನ್ನನ್ನು ಯಾವತ್ತೂ ಕರೆದವರಲ್ಲ.” ಭಯದ ನಡುವೆಯೂ ಯಾರೋ ಕಿಸಕ್ಕನೆ ನಕ್ಕರು. “ಕೆಳಗೆ ದಿನಾ ನೀವೆಲ್ಲ ಇದರ ಮೇಲೆ ಕೈ ಇಡ್ತಿದ್ರಿ. ಈಗಲೂ ಕೈ ಕೇಳ್ತಿದೆ, ಅಷ್ಟೇ. ಹೂಳಿಬಿಟ್ಟರೆ ಯಾರು ಕೊಡ್ತೀರಿ?”

ಅವಳು ಪೊನ್ನುಸ್ವಾಮಿಯ ಹೆಗಲಿನಿಂದ ಬಿಳಿ ಬಟ್ಟೆಯನ್ನು ತಾನೇ ತೆಗೆದುಕೊಂಡು ಬಡಗಿಯ ಅಂಗಳಕ್ಕೆ ನಡೆದು, ಉಳಿದಿದ್ದ ಅರ್ಧ ಕಂಬಕ್ಕೆ ಹೊದಿಸಿದಳು. ತಾಳಿಯನ್ನೂ ತಾನೇ ತೆಗೆದು ಆ ಬಟ್ಟೆಯಲ್ಲಿ ಗಂಟುಹಾಕಿದಳು. ಒಂದೇ ಬೇಡಿಕೆಯಿಟ್ಟಳು: ಮಲಗಿಸಬೇಡಿ, ನಿಲ್ಲಿಸಿ, ಅವರು ನಿಲ್ಲಿಸಿದ್ದನ್ನು ನಾವು ಬೀಳಿಸುವುದು ಬೇಡ. ಹಾಗೆ ದಿಣ್ಣೆಯ ಮೇಲೆ ಕಂಬ ನಿಂತಿತು. ಆ ರಾತ್ರಿಯ ಊಟಕ್ಕೆ ಎರಡೇ ತಟ್ಟೆಗಳಿದ್ದವು. ಅರುಳಪ್ಪ ತನ್ನದನ್ನು ಮುಟ್ಟದೆ ಎದ್ದನಂತೆ. ಮುಂದೆ ದಿಣ್ಣೆಯ ಬುಡದಲ್ಲಿ ಕಾರ್ಖಾನೆ ಹಾಕಿ ಅವನು ಕಟ್ಟಿದ ಗಿಟಾರುಗಳಿಗೆಲ್ಲ ಜ್ಞಾನಮ್ಮನೇ ಸುರುಳಿ ಸುತ್ತಿದಳು. ಅವಳು ಅಂಗೈಯಿಟ್ಟು, ಮೊರೆತ ನಿಲ್ಲುವುದನ್ನು ನೋಡಿದ ಮೇಲೆಯೇ ಅವು ಕಾರ್ಖಾನೆಯ ಬಾಗಿಲು ದಾಟುತ್ತಿದ್ದವು.

ವಿದ್ಯುತ್ತನ್ನು ಬಲ್ಲವರು ಇದರಲ್ಲಿ ವಿಸ್ಮಯವಿಲ್ಲ ಎನ್ನುತ್ತಾರೆ: ಸುರುಳಿ ಸುತ್ತಲಿನ ವಿದ್ಯುತ್ತಿನ ಸದ್ದನ್ನು ಹೀರುತ್ತದೆ, ತಂತಿ ಮುಟ್ಟಿದವರ ಮೈ ಆ ಸದ್ದನ್ನು ತಡೆಯುತ್ತದೆ. ಮಾತು ನಿಜವೇ. ಹೊಸ ಬಗೆಯ ಸುರುಳಿಗಳಿಂದ ಅದನ್ನು ಪೂರ್ತಿ ಅಡಗಿಸಲೂ ಬಹುದು. ಕಾರ್ಖಾನೆಯವರು ಇನ್ನೂ ಅಡಗಿಸಿಲ್ಲ. ಕೈಕೇಳಿ ಗಿಟಾರಿನ ಕೆಳಬದಿ ಇಂದಿಗೂ ದುಂಡಗಿಲ್ಲ, ಗರಗಸ ಹಾಯ್ದಂತೆ ನೇರವಾಗಿದೆ. ದಿಣ್ಣೆಯ ಕಂಬದ ಮೇಲ್ತುದಿಯೂ ಹಾಗೆಯೇ ಇದೆ. ದಿಣ್ಣೆಯಿಂದ ಇಳಿದವರು ಕಾರ್ಖಾನೆಗೆ ಹೊಕ್ಕರೆ, ಯಾರೋ ಪರೀಕ್ಷೆಗೆಂದು ಜೋಡಿಸಿ ಚಹಾಕ್ಕೆ ಹೋದ ಗಿಟಾರೊಂದು ಮೂಲೆಯಲ್ಲಿ ಮೊರೆಯುತ್ತಿರುವುದುಂಟು. ನೆಲ ಗುಡಿಸುವ ಹೆಂಗಸು ಪೊರಕೆಯನ್ನು ಎಡಗೈಗೆ ಬದಲಿಸಿ, ತಲೆಯೆತ್ತದೆಯೇ, ಬಲಗೈಯನ್ನು ಅದರ ಮೇಲಿಡುತ್ತಾಳೆ. ಕೋಣೆ ಸುಮ್ಮನಾಗುತ್ತದೆ. ಅವಳಿಗೆ ಗುಡಿಸುವುದು ಇನ್ನೂ ಇದೆ, ಬಿಳಿ ಪುಡಿ ಬಂದು ಬೀಳುತ್ತಲೇ ಇದೆ. ಕೈ ತೆಗೆದು ಮುಂದಕ್ಕೆ ಹೋಗುತ್ತಾಳೆ. ಅದು ಮತ್ತೆ ಕೇಳತೊಡಗುತ್ತದೆ.