ಬರಮಪ್ಪನ ಗಣಿ

“ಬುದ್ಧೀ, ನನಗೂ ಪಂಚಯ್ಯನಿಗೂ ನೀವು ಹೇಳಿಕೊಟ್ಟದ್ದು ಒಂದೇ ಪಾಠವೇ?” ಎಂದು ಅಡವಯ್ಯ ಮಠದ ಗುರುಗಳನ್ನು ಕೇಳಿದ.

ಅಡವಯ್ಯನೂ ಪಂಚಯ್ಯನೂ ಒಂದೇ ವರ್ಷ ಮಠಕ್ಕೆ ಬಂದು ಸೇರಿದ ಶಿಷ್ಯರು. ಪಂಚಯ್ಯ ಆಗ ಹೊರಗೆ ಅಂಗಳ ಗುಡಿಸುತ್ತಿದ್ದ. ಗುರುಗಳು ಅವನ ಕಡೆ ಒಮ್ಮೆ ನೋಡಿ, “ಒಂದೇ ಪಾಠ,” ಎಂದರು.

“ಹಾಗಾದರೆ ಅವನ ಮುಖದ ಮೇಲಿನ ಸಮಾಧಾನ ನನ್ನ ಮುಖದ ಮೇಲೆ ಯಾಕಿಲ್ಲ? ಅವನಷ್ಟೇ ಓದಿದ್ದೇನೆ. ಬೆಳಗ್ಗೆ ಅವನಿಗಿಂತ ಮೊದಲೇ ಏಳುತ್ತೇನೆ. ನೀವು ಅವನಿಗೆ ಗುಟ್ಟಾಗಿ ಬೇರೇನೋ ಹೇಳಿಕೊಟ್ಟಿದ್ದೀರಿ ಎಂದು ನನ್ನ ಮನಸ್ಸು ಹೇಳುತ್ತದೆ. ಅದೇನೆಂದು ನನಗೂ ಹೇಳಿ.”

ಗುರುಗಳು ಕೂತುಕೋ ಎಂದು ಕೈ ತೋರಿಸಿ ಕತೆ ಶುರುಮಾಡಿದರು.

ಒಂದು ಗುಡ್ಡದ ಊರಿನಲ್ಲಿ ಇಬ್ಬರು ಸುಣಗಾರರಿದ್ದರು. ಒಬ್ಬ ಉಡಚಪ್ಪ, ಇನ್ನೊಬ್ಬ ಬರಮಪ್ಪ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರಿಗೂ ಸೇರಿ ಒಂದೇ ಭಟ್ಟಿ. ಗುಡ್ಡದ ಮೇಲಿಂದ ಸುಣ್ಣಕಲ್ಲು ಆರಿಸಿ ತರುತ್ತಿದ್ದರು, ಭಟ್ಟಿಗೆ ಹಾಕಿ ಸುಡುತ್ತಿದ್ದರು, ಬಂದ ಸುಣ್ಣವನ್ನು ಸಮನಾಗಿ ಹಂಚಿಕೊಂಡು ಸುತ್ತಲಿನ ಊರುಗಳಲ್ಲಿ ಮಾರಿ ಬರುತ್ತಿದ್ದರು. ಅಪ್ಪಂದಿರ ಕಾಲದಿಂದ ಹೀಗೇ ನಡೆದಿತ್ತು. ಒಬ್ಬನ ಮನೆಯಲ್ಲಿ ಹೋಳಿಗೆ ಮಾಡಿದರೆ ಇನ್ನೊಬ್ಬನ ಮನೆಗೆ ಬಿಸಿಬಿಸಿಯಾಗಿ ಹೋಗುತ್ತಿತ್ತು.

ಆ ಗುಡ್ಡದ ಬಗ್ಗೆ ಊರಲ್ಲಿ ಒಂದು ಮಾತಿತ್ತು. ಹಿಂದೆ ಯಾವನೋ ಅರಸನ ಕಾಲದಲ್ಲಿ ಅಲ್ಲಿ ಚಿನ್ನ ತೆಗೆಯುತ್ತಿದ್ದರಂತೆ. ದಂಡು ಬರುತ್ತಿದೆ ಎಂಬ ಸುದ್ದಿ ತಿಳಿದು ಗಣಿಯ ಬಾಯಿಗೆ ಕಲ್ಲುಮಣ್ಣು ಎಳೆದು ಮುಚ್ಚಿದರಂತೆ. ಮುಚ್ಚಿದವರೆಲ್ಲ ಆ ದಂಡಿಗೇ ಸಿಕ್ಕು ಸತ್ತರು. ಜಾಗ ತೋರಿಸುವವರು ಒಬ್ಬರೂ ಉಳಿಯಲಿಲ್ಲ. ಮೇಲಿನ ಓಣಿಯವರು ಗಣಿ ಇರುವುದು ಹುಲಿಗವಿಯ ಹತ್ತಿರ ಎನ್ನುತ್ತಿದ್ದರು. ಕೆಳಗಿನ ಓಣಿಯವರು ಅಲ್ಲವೇ ಅಲ್ಲ, ಆಚೆಯ ಇಳಿಜಾರಿನಲ್ಲಿ ಎನ್ನುತ್ತಿದ್ದರು. ದೊಡ್ಡ ಮಳೆಯಾದ ಮೇಲೆ ಹಳ್ಳದ ಉಸುಕು ಜಾಲಿಸಿದರೆ ಹೊಳೆಯುವ ಕಣ ಒಂದೋ ಎರಡೋ ಸಿಗುತ್ತಿದ್ದುದು ನಿಜ. ಅದರಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹೀಗಾಗಿ ಊರವರೆಲ್ಲ ಆ ಗಣಿಯನ್ನು ನಂಬಿದ್ದರು, ಆದರೆ ಯಾರೂ ಹುಡುಕಲು ಹೋಗುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಬರಮಪ್ಪ ಹೊಸದೊಂದು ರೂಢಿ ಹಚ್ಚಿಕೊಂಡ. ಭಟ್ಟಿಯ ಕೆಲಸ ಮುಗಿದ ಕೂಡಲೇ ಕೈಕಾಲು ತೊಳೆದುಕೊಂಡು ಒಬ್ಬನೇ ಗುಡ್ಡ ಹತ್ತುತ್ತಿದ್ದ. ಹೊತ್ತು ಮುಳುಗುವಾಗ ಇಳಿದು ಬರುತ್ತಿದ್ದ. ಬರುವಾಗ ಅವನ ಮುಖ ಹಗುರಾಗಿರುತ್ತಿತ್ತು.

“ಎಲ್ಲಿಗೆ ಹೊಂಟೀಯೋ?” ಎಂದು ಉಡಚಪ್ಪ ಒಂದು ದಿನ ಕೇಳಿದ.

“ಎಲ್ಲಿಗೂ ಇಲ್ಲೋ ಮಾರಾಯಾ. ಮ್ಯಾಲ ಹೋಗಿ ಸುಮ್ನ ಕುಂತು ಬರ್ತೀನಿ.”

“ಕುಂತು ಏನ್ ಮಾಡ್ತಿ?”

“ಏನಿಲ್ಲ. ಎದ್ದು ಬರ್ತೀನಿ.”

ಉಡಚಪ್ಪ ನಕ್ಕ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಅದೇ ಯೋಚನೆ ಹತ್ತಿತು. ದಿನವಿಡೀ ಕಲ್ಲು ಹೊತ್ತವನು ಮತ್ತೆ ಗುಡ್ಡ ಹತ್ತಿ ಸುಮ್ಮನೆ ಕೂರುತ್ತಾನೆಯೇ? ಹಾಗೆ ಕೂತು ಬಂದವನು ಇಷ್ಟು ಸಂತೋಷದಿಂದ ಇರುತ್ತಾನೆಯೇ? ಇವನಿಗೆ ಏನೋ ಸಿಕ್ಕಿದೆ. ಗುಡ್ಡದಲ್ಲಿ ಸಿಗುವಂಥದ್ದು ಇನ್ನೇನಿದೆ? ಹಾಗೆಂದುಕೊಂಡದ್ದೇ ತಡ, ಸುಟ್ಟ ಕಲ್ಲಿಗೆ ನೀರು ಬಿದ್ದ ಹಾಗೆ ಅವನು ಒಳಗೇ ಕುದಿಯತೊಡಗಿದ.

ಅಂದಿನಿಂದ ಅವನ ಕಣ್ಣಿಗೆ ಗೋಡೆಯಾಚೆಯ ಮನೆ ಬೇರೆಯಾಗಿ ಕಂಡಿತು. ಅಲ್ಲಿ ಒಗ್ಗರಣೆ ಹಾಕಿದರೆ ಘಮ ಹೆಚ್ಚು. ಅಲ್ಲಿಂದ ಕೇಳುವ ನಗು ಹೆಚ್ಚು. ಒಂದು ದಿನ ಹೆಂಡತಿ ಕಲ್ಲವ್ವನನ್ನು ಕರೆದು, “ಗಾಳೆವ್ವನ ಮೂಗುತಿ ನೋಡಿದಿ?” ಎಂದ. ಗಾಳೆವ್ವ ಎಂದರೆ ಬರಮಪ್ಪನ ಹೆಂಡತಿ.

“ಅದು ಆಕಿ ತವರಿಂದ ತಂದದ್ದು. ನಮ್ಮ ಲಗ್ನದಾಗೂ ಹಾಕ್ಕೊಂಡಿದ್ಲಲ್ಲ,” ಎಂದಳು ಕಲ್ಲವ್ವ.

“ಮತ್ತ ಈಗ್ಯಾಕ ಅಷ್ಟು ಹೊಳಿತೈತಿ?”

ಕಲ್ಲವ್ವ ಗಂಡನ ಮುಖ ನೋಡಿದಳು.

ಉಡಚಪ್ಪ ಈ ಸಂಶಯವನ್ನು ಊರಲ್ಲಿ ಯಾರ ಮುಂದೆಯೂ ಆಡಲಿಲ್ಲ. ಆಡಿದರೆ ಪಾಲು ಕೇಳುವವರು ಹೆಚ್ಚುತ್ತಾರೆ. ಒಳಗೊಳಗೇ ಬೆಂದ. ಭಟ್ಟಿಗೆ ಉರಿ ಹಾಕುವ ಪಾಳಿ ತನ್ನದಿದ್ದ ದಿನ ಬರಮಪ್ಪ ಹೋದ ದಾರಿಯನ್ನೇ ನೋಡುತ್ತ ನಿಂತ. ಉರಿ ಆರಿತು. ಕಲ್ಲು ಅರೆಬರೆ ಸುಟ್ಟು ಸುಣ್ಣ ಕೆಟ್ಟಿತು. ಬರಮಪ್ಪ ಬಂದು ನೋಡಿ ಒಂದು ಮಾತೂ ಅನ್ನದೆ ಮತ್ತೆ ಇದ್ದಿಲು ತುಂಬಿ ಸುಡಲು ಹಚ್ಚಿದ. ಬೈದಿದ್ದರೆ ಉಡಚಪ್ಪನಿಗೆ ಸಮಾಧಾನವಾಗುತ್ತಿತ್ತು. ಬೈಯದೆ ಇದ್ದದ್ದನ್ನು ನೋಡಿ, ‘ಗಣಿ ಸಿಕ್ಕವನಿಗೆ ಒಂದು ಭಟ್ಟಿ ಸುಣ್ಣ ಯಾವ ಲೆಕ್ಕ’ ಎಂದು ಹಲ್ಲು ಕಡಿದ.

ಕಡೆಗೆ ಅವನ ಬೆನ್ನು ಹತ್ತಿದ. ಬರಮಪ್ಪ ಮುಂದೆ, ಮರದಿಂದ ಮರಕ್ಕೆ ಮರೆಯಾಗುತ್ತ ಉಡಚಪ್ಪ ಹಿಂದೆ. ಮೊದಮೊದಲು ದಾರಿ ತಪ್ಪಿ ಬರಿಗೈಲಿ ಮರಳಿದ. ಗುಡ್ಡದ ನೆತ್ತಿಯ ಹತ್ತಿರ ಪೊದೆ ದಟ್ಟ, ಅಲ್ಲಿ ಬರಮಪ್ಪ ಪ್ರತಿ ಸಲ ಕಣ್ಣಿಗೆ ತಪ್ಪುತ್ತಿದ್ದ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನವೂ ಹೋದ. ಮಣ್ಣು ನೆನೆದಿತ್ತು. ಪೊದೆಯ ಮರೆಯಲ್ಲಿ ಬಗ್ಗಿ ಹೋಗುವಾಗ ಕಾಲಡಿಯ ನೆಲ ಕುಸಿಯಿತು. ಉಡಚಪ್ಪ ಮಣ್ಣಿನ ಜೊತೆಗೆ ಜಾರಿ ಒಂದು ಕುಣಿಗೆ ಬಿದ್ದ.

ಎದ್ದು ಮೈ ಕೊಡವಿಕೊಂಡು ನೋಡಿದರೆ ಅದು ತಾನಾಗಿ ಆದ ಕುಣಿಯಲ್ಲ. ಗೋಡೆಯ ಮೇಲೆ ಉಳಿ ಹೊಡೆದ ಗುರುತುಗಳಿದ್ದವು. ಹಣತೆ ಇಡಲು ಕೊರೆದ ಗೂಡುಗಳಿದ್ದವು. ಮೂಲೆಯಲ್ಲಿ ಕಲ್ಲು ಅರೆಯುವ ಗುಂಡು ಬಿದ್ದಿತ್ತು. ಮೇಲಿನಿಂದ ಬಿದ್ದ ಬೆಳಕಿನಲ್ಲಿ ಎದುರಿನ ಬೆಣಚುಕಲ್ಲಿನ ನಡುವೆ ಹಳದಿಯ ಎಳೆ ಹೊಳೆಯಿತು. ಎಳೆ ಒಂದೆಡೆ ಹೆಬ್ಬೆರಳಿನಷ್ಟು ದಪ್ಪವಿತ್ತು. ಉಡಚಪ್ಪ ಸೊಂಟದ ಚೂರಿಯಿಂದ ಕೆರೆದ. ಮೆತ್ತಗೆ ಕೆರೆದು ಬಂತು. ಚಿನ್ನ.

ಆದರೆ ಮರುಕ್ಷಣವೇ ಅವನ ಕಣ್ಣು ನೆಲದ ಮೇಲೆ ಹೋಯಿತು. ಧೂಳಿನಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ಒಳಗಿನ ದಾರಿಗೆ ಜೇಡರಬಲೆ ಕಟ್ಟಿತ್ತು. ಬರಮಪ್ಪ ಇಲ್ಲಿಗೆ ಬಂದವನಲ್ಲ.

ಹಾಗಾದರೆ ಬರಮಪ್ಪ ಹೋಗುವುದೆಲ್ಲಿಗೆ? ಇದು ಅವನದಲ್ಲ ಎಂದರೆ ಅವನದು ಇನ್ನೊಂದಿದೆ. ಇದಕ್ಕಿಂತ ಮೇಲಿದೆ, ಇದಕ್ಕಿಂತ ದೊಡ್ಡದಿದೆ. ಇಲ್ಲದಿದ್ದರೆ ಅಷ್ಟು ಸಂತೋಷ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಮೇಲೆ ಎಲ್ಲೋ ಬರಮಪ್ಪ ಕೆಮ್ಮಿದ ಸದ್ದು ಕೇಳಿಸಿತು. ಇಲ್ಲಿ ಕೆರೆಯುತ್ತ ಕೂತರೆ ಅವನು ಇವತ್ತೂ ಕೈತಪ್ಪುತ್ತಾನೆ. ಇದು ಎಲ್ಲಿಗೆ ಓಡಿಹೋಗುತ್ತದೆ, ನಾಳೆ ಬಂದರಾಯಿತು. ಹಾಗೆಂದುಕೊಂಡು ಉಡಚಪ್ಪ ಬೇರು ಹಿಡಿದು ಮೇಲೆ ಹತ್ತಿದ. ಕೆರೆದ ಚೂರನ್ನೂ ಅಲ್ಲೇ ಬಿಟ್ಟ.

ಅಂದು ಬರಮಪ್ಪ ತಪ್ಪಿಸಿಕೊಳ್ಳಲಿಲ್ಲ. ನೆತ್ತಿಯ ಅಂಚಿನಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದ. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದ. ಉಡಚಪ್ಪ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕಾದ. ಬರಮಪ್ಪ ಅಗೆಯಲಿಲ್ಲ, ಏನನ್ನೂ ಎತ್ತಲಿಲ್ಲ. ಹೊತ್ತು ಇಳಿದ ಮೇಲೆ ಎದ್ದು ಧೋತರ ಕೊಡವಿಕೊಂಡು ಇಳಿದುಹೋದ. ‘ಬಂಡೆಯ ಕೆಳಗಿದೆ,’ ಎಂದು ಉಡಚಪ್ಪ ತೀರ್ಮಾನ ಮಾಡಿಕೊಂಡ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಕುಣಿಯಲ್ಲಿ ಬಿದ್ದದ್ದು, ಚಿನ್ನದ ಎಳೆ, ಉಳಿಯ ಗುರುತು, ಎಲ್ಲ. ಕಲ್ಲವ್ವನ ಕೈಲಿದ್ದ ಹಿಟ್ಟು ಹಾಗೇ ಉಳಿಯಿತು.

“ಎಲ್ಲಿ? ತಂದೀಯೇನು?”

“ಇಲ್ಲ.”

“ಯಾಕ?”

“ಬರಮ್ಯಾಂದು ಅದಕ್ಕಿಂತ ದೊಡ್ಡದೈತಿ.”

ಕಲ್ಲವ್ವ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಎದ್ದು ಹೊರಗೆ ಹೋದಳು. ಗಂಡ ಕರೆದರೂ ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಸಂಜೆ ಶುರುವಾದ ಮಳೆ ವಾರವೆಲ್ಲ ಹಿಡಿದುಕೊಂಡಿತು. ಮಳೆ ನಿಂತ ಮೇಲೆ ಕಲ್ಲವ್ವ ಗಂಡನ ಬೆನ್ನು ಬಿಡದೆ ಗುಡ್ಡಕ್ಕೆ ಕಳಿಸಿದಳು. ಉಡಚಪ್ಪ ಹೋಗಿ ನೋಡಿದರೆ ಇಳಿಜಾರೆಲ್ಲ ಕೊಚ್ಚಿಹೋಗಿತ್ತು. ಎಲ್ಲಿ ನೋಡಿದರೂ ಹೊಸ ಕೊರಕಲು, ಹೊಸ ಮಣ್ಣು. ಆ ಪೊದೆ ಯಾವುದು, ಆ ಕುಣಿ ಎಲ್ಲಿ, ತಿಳಿಯಲಿಲ್ಲ. ಅದಕ್ಕಾಗಿ ಅವನು ಹೆಚ್ಚು ಹುಡುಕಲೂ ಇಲ್ಲ. ನೇರ ನೆತ್ತಿಗೆ ಹೋಗಿ, ಬರಮಪ್ಪ ಕೂರುವ ಬಂಡೆಯ ಬುಡಕ್ಕೆ ಹಾರೆ ಹಾಕಿದ.

ಬರಮಪ್ಪ ಇಲ್ಲದ ಹೊತ್ತು ನೋಡಿ ದಿನಾ ಅಗೆದ, ಹೋಗುವಾಗ ಗುಂಡಿಗೆ ಸೊಪ್ಪು ಮುಚ್ಚಿ ಹೋದ. ಭಟ್ಟಿಗೆ ಬರುವುದನ್ನೇ ಬಿಟ್ಟ. ಸುಣ್ಣ ಕೊಳ್ಳುವವರು ಬೇರೆ ಊರಿಗೆ ಹೋದರು. ಕಲ್ಲವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋದಳು. ಬಂಡೆಯ ಕೆಳಗೆ ಮಣ್ಣು ಸಿಕ್ಕಿತು, ಮಣ್ಣಿನ ಕೆಳಗೆ ಮತ್ತೆ ಮಣ್ಣು. ಇನ್ನೂ ಒಳಗಿದೆ ಎಂದು ಇನ್ನೂ ಒಳಗೆ ಅಗೆದ. ಒಂದು ಮಧ್ಯಾಹ್ನ ಬುಡ ಸಡಿಲಾಗಿ ಬಂಡೆ ವಾಲಿತು. ಉಡಚಪ್ಪ ಹಿಂದೆ ಸರಿಯುವಷ್ಟರಲ್ಲಿ ಅವನ ಕಾಲು ಕೆಳಗೆ ಸಿಕ್ಕಿಕೊಂಡಿತು.

ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಬಂದವನು ಬರಮಪ್ಪನೇ. ಅಗೆದ ಗುಂಡಿಯನ್ನು ನೋಡಿದ, ಹಾರೆಯನ್ನು ನೋಡಿದ. ಅದೇ ಹಾರೆಯಿಂದ ಬಂಡೆ ಮೀಟಿ, ಕಾಲು ಬಿಡಿಸಿ, ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಬಿಗಿಯಾಗಿ ಕಟ್ಟಿದ. ಆಮೇಲೆ ಉಡಚಪ್ಪನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಯತೊಡಗಿದ.

ಕಾಲಿನಿಂದ ರಕ್ತ ಸೋರುತ್ತಿತ್ತು. ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಉಡಚಪ್ಪನ ಒಂದು ಕೈ ಮೆಲ್ಲಗೆ ಬರಮಪ್ಪನ ಸೊಂಟಕ್ಕೆ ಇಳಿಯಿತು. ಅಲ್ಲಿ ಒಂದು ಬಟ್ಟೆಯ ಚಂಚಿ ಇತ್ತು. ಉಡಚಪ್ಪ ಹೊರಗಿನಿಂದಲೇ ಅದನ್ನು ಹಿಸುಕಿ ನೋಡಿದ. ಒಳಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಬೆರಳು ತೂರಿಸಿ ದಾರ ಸಡಿಲಿಸಿದ.

ಬರಮಪ್ಪನಿಗೆ ಗೊತ್ತಾಯಿತು. ನಡಿಗೆ ನಿಲ್ಲಿಸದೆ, “ಎಲಿ ಬೇಕೇನೋ? ತಗೋ. ಅಡಿಕಿನೂ ಅದರಾಗ ಐತಿ,” ಎಂದ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ ಮುಂದೆ ಸರಿದು ಕೂತು ಕೇಳಿದ: “ಬುದ್ಧೀ, ಆ ಬರಮಪ್ಪ ದಿನಾ ಬಂಡೆಯ ಮೇಲೆ ಕೂತು ನಿಜವಾಗಿ ಏನು ಮಾಡುತ್ತಿದ್ದ?”

“ಉಡಚಪ್ಪ ಸಾಯುವ ತನಕ ಕೇಳುತ್ತಿದ್ದುದೂ ಇದನ್ನೇ,” ಎಂದರು ಗುರುಗಳು.