ಎಮ್ಮೆಯ ಮೊದಲ ಪ್ರತಿ

ಕಾಲೇಜಿನ ಮುದ್ರಣಕಲಾ ವಿಭಾಗದಲ್ಲಿ ಸುಲೋಚನಾ ಎಂಬ ವಿದ್ಯಾರ್ಥಿನಿ ಮರದ ಅಚ್ಚೊಂದರಿಂದ ಎಮ್ಮೆಯ ಚಿತ್ರವನ್ನು ಹತ್ತು ಪ್ರತಿ ತೆಗೆದಳು. ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ನಂಬರು ಹಾಕಿ, ಒಣಗಲು ಹಗ್ಗಕ್ಕೆ ಸಿಕ್ಕಿಸಿದಳು. ಒಂದನೇ ಪ್ರತಿಗೆ ಮಸಿ ಆರುವ ಮೊದಲೇ ಜಂಬ ತಲೆಗೇರಿತು.

"ಸ್ವಲ್ಪ ದೂರ ಸರಿ, ನಿನ್ನ ಮಸಿ ನನಗೆ ತಾಗೀತು," ಎಂದಿತು ಪಕ್ಕದ ಎರಡನೆಯದಕ್ಕೆ.

"ಅಣ್ಣಾ, ನಮ್ಮಿಬ್ಬರದೂ ಒಂದೇ ಎಮ್ಮೆ."

"ಎಮ್ಮೆ ಒಂದೇ ಇರಬಹುದು, ನಂಬರು ನೋಡು! ನಾಳೆ ಪ್ರದರ್ಶನದ ಗೋಡೆಯೇರುವುದು ನಾನೇ."

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಂದರು. ಪ್ರತಿಯೊಬ್ಬರ ಕೆಲಸದಲ್ಲೂ ಒಂದು ಪ್ರತಿ ವಿಭಾಗದಲ್ಲೇ ಉಳಿಯಬೇಕೆಂಬುದು ಅಲ್ಲಿಯ ನಿಯಮ.

"ನಮಗೆ ಒಂದನೇ ನಂಬರನ್ನೇ ಕೊಡಮ್ಮ. ವಿಭಾಗದ ಗೌರವದ ಪ್ರಶ್ನೆ," ಎಂದರು.

ಒಂದನೆಯದು ಹಿಗ್ಗಿ ಹೀರೇಕಾಯಿಯಾಯಿತು. ಅದನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದರು. ಎರಡನೆಯದು ಗೋಡೆಯೇರಿತು.

ಬೀರುವಿನ ಕತ್ತಲಲ್ಲಿ ಏನೋ ಹರಿದಾಡಿತು.

"ಯಾರದು? ನಾನು ಒಂದನೇ ನಂಬರು, ಗೊತ್ತೇ?"

"ಗೊತ್ತು ಸ್ವಾಮಿ," ಎಂದಿತು ಕಾಗದ ತಿನ್ನುವ ಹುಳು. "ಹೋದ ವರ್ಷದ ಒಂದನೇ ನಂಬರು ನಿನ್ನೆಯಷ್ಟೇ ಮುಗಿಯಿತು."